ಹೆಲ್ಮೆಟ್ ತೆಗೆಯಕ್ಕೂ ಆಗ್ದಷ್ಟು ಸುಸ್ತು

ಇವತ್ತು ಕೆಲಸ ಮುಗಿಸ್ಕೊಂಡು ಹೆಬ್ಬಾಳದಿಂದ ಬಂದು, ಗಾಡಿ ಸ್ಟ್ಯಾಂಡ್ ಹಾಕಿ ಮನೆ ಮುಂದಿನ ಮೆಟ್ಲು ಮೇಲೆ ಕೂತೋನು ಅಲ್ಲೇ ಕೂತ್ಬಿಟ್ಟೆ, ಹೆಲ್ಮೆಟ್ಟೂ ತೆಗ್ದಿಲ್ಲ. ಜೇಬಲ್ಲಿ ಫೋನ್ ಬಡ್ಕೋತಾ ಇದೆ, ಕಿವಿ ಹಿಂದೆ ಬೆವರು ಇಳೀತಾ ಇದೆ, ಲಾಕ್ ಬಿಚ್ಚಣ ಅಂದ್ರೆ ಕೈ ಎತ್ತಕ್ಕೆ ಮನಸ್ಸಿಲ್ಲ. ಒಣಗಾಕಿದ್ದ ಬಟ್ಟೆ ತೆಗೆಯಕ್ಕೆ ಬಂದ ಮೇಲ್ಮನೆ ಆಂಟಿ "ಎಲ್ಲಿಗಪ್ಪಾ ಹೊರಟೆ ಈಗ?" ಅಂದ್ರು.

ಇಲ್ಲ ಆಂಟಿ, ಈಗ್ತಾನೆ ಬಂದೆ.

ಇಡೀ ದಿನ ಮಾಡಿದ್ದೇನಪ್ಪಾ ಅಂದ್ರೆ ಕುರ್ಚಿ ಮೇಲೆ ಕೂತಿದ್ದು! ಊರಲ್ಲಿ ಅಪ್ಪ ಬೆಳಗಿಂದ ಕಬ್ಬಿನ ಗದ್ದೇಲಿ ಗೇದು, ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂದ್ರೆ ಮತ್ತೆ ಎದ್ದು ನೀರು ಕಟ್ಟಕ್ಕೆ ಹೋಗ್ತಾರೆ, ಅವ್ರ ಹತ್ರ ಸುಸ್ತು ಅನ್ನಕ್ಕೆ ನಂಗೇ ನಾಚ್ಕೆ. ಆದ್ರೆ ಇದೂ ಸುಳ್ಳಲ್ಲ ಕಣ್ರೋ, ಎಂಟ್ ಗಂಟೆ ಮಲಗಿದ್ರೂ ಬೆಳಗ್ಗೆ ಹಂಗೇ ಇರತ್ತೆ.

ಕಾಲೇಜಲ್ಲಿದ್ದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತಿಳಿದು, ನಂದಿ ಹತ್ರ ಸ್ವಲ್ಪ ಹೊತ್ತು ಹರಟೆ ಹೊಡ್ದು ಸೀದಾ ಕ್ಲಾಸಿಗೆ ಹೋಗ್ತಿದ್ವಲ್ಲ, ಯಾರಪ್ಪಾ ಅವ್ರೆಲ್ಲ?

ಭಾನುವಾರ ಬೆಟ್ಟಕ್ಕೆ ಬರೋರು ಕಾಮೆಂಟ್ ಹಾಕಿ. ಮೆಟ್ಲು ಗಿಟ್ಲು ಬೇಡ, 201 ಬಸ್ಸಲ್ಲಿ ಹೋಗಣ. ಅದೂ ಹತ್ತು ಗಂಟೆ ಮೇಲೆ.