ಅಪಾಕ ಸಿಕ್ಕಿಬಿದ್ದ

ಏಳು ತಿಂಗಳಿಂದ ಹುಡುಕುತ್ತಿದ್ದ ಅಪಾಕ ಮೊನ್ನೆ ಸಿಕ್ಕಿಬಿದ್ದ. ಅವನು ಮನುಷ್ಯನೇ ಅಲ್ಲ.

ಹಳೆಯ ದಾಖಲೆಗಳಲ್ಲಿ ನಮ್ಮ ಮುತ್ತಜ್ಜನನ್ನೂ ಕೈಬಿಟ್ಟ ಹೊಲವನ್ನೂ ಹುಡುಕುತ್ತಿದ್ದೇನೆ. ಅವನ ಸಿಪಾಯಿಗಿರಿಯ ಭಾಗ ಹೋದ ವರ್ಷವೇ ಮುಗಿದಿತ್ತು. ಮುತ್ತಜ್ಜ 110ನೇ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದ. ಪದಕದ ಅಂಚಿನಲ್ಲಿ ನಂಬರು, ಹೆಸರು, ಪಲ್ಟಣ ಮೂರೂ ಇದ್ದವು. ಆ ಪಲ್ಟಣ ಮೆಸಪೊಟೇಮಿಯಾದ (ಈಗಿನ ಇರಾಕ್) ಕುತ್ ಊರಿನಲ್ಲಿ 1915ರ ಡಿಸೆಂಬರ್ 7ರಿಂದ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾಯಿತು. ಸೆರೆ ಹೋದವರಲ್ಲಿ ಮುತ್ತಜ್ಜನೂ ಒಬ್ಬ, ಮರಳಿ ಬರಲಿಲ್ಲ. ಬಸರಾ ಸ್ಮಾರಕದಲ್ಲಿ ನಮ್ಮ ಸಿಪಾಯಿಗಳ ಹೆಸರು ಕೆತ್ತಲಿಲ್ಲ, ಪಲ್ಟಣಕ್ಕೆ ಇಷ್ಟು ಜನ ಅಂತ ಲೆಕ್ಕ ಮಾತ್ರ. ಆದರೆ ಕಾಮನ್‌ವೆಲ್ತ್ ಸಮಾಧಿ ಆಯೋಗದ ದಾಖಲೆಯಲ್ಲಿ ತಂದೆಯ ಹೆಸರೂ ಊರೂ ಸಿಕ್ಕವು. ಊರಿನ ಇಂಗ್ಲಿಷ್ ಕಾಗುಣಿತ ಖಾನಾಪುರ ತಾಲೂಕಿನ ಐದು ಊರುಗಳಿಗೆ ಹೊಂದುವಂತಿತ್ತು. ಅದನ್ನು ಬಿಡಿಸಿದ ಕಥೆ ಬೇಡ, ಮನೆತನದ ಹಳೆಯ ಕಾಗದ ಹುಡುಕಿದ್ದರೆ ನೀವೂ ಪಟ್ಟ ಪಾಡೇ ಅದು.

ಸಿಕ್ಕಿಕೊಂಡದ್ದು ಹೊಲದಲ್ಲಿ. 4 ಎಕರೆ 12 ಗುಂಟೆ. ‘ಮುತ್ತಜ್ಜ ಲಡಾಯಿಗೆ ಹೋದಾಗ ಯಾರೋ ನುಂಗಿದರು’ ಅನ್ನುವುದು ನಮ್ಮ ಮನೆಯಲ್ಲಿ ನೂರು ವರ್ಷದ ಮಾತು. ಹಾಗಾಗಿ 1917ರ ಡೈರಿ ನೋಂದಣಿಯ (ಹೊಲದ ಹಕ್ಕು ಬದಲಾದದ್ದನ್ನು ಬರೆದಿಡುವ ಪುಸ್ತಕ) ಝೆರಾಕ್ಸ್ ಕೈಗೆ ಬಂದಾಗ ಕಳ್ಳ ಸಿಕ್ಕೇಬಿಟ್ಟ ಅಂದುಕೊಂಡೆ. ಬರಹ ಮೋಡಿಯಲ್ಲಿತ್ತು, ಮರಾಠಿಯ ಹಳೆಯ ಓಡುಲಿಪಿ. ಗೊತ್ತಲ್ವಾ, ಮೊದಲು ಪುಟದುದ್ದ ಗೆರೆ ಎಳೆದು ಬಟ್ಟೆ ಒಣಹಾಕಿದ ಹಾಗೆ ಅಕ್ಷರ ತೂಗುಬಿಡುತ್ತಾರೆ. ಪದಗಳ ನಡುವೆ ಜಾಗವಿಲ್ಲ. ಹ್ರಸ್ವ ಇಕಾರಕ್ಕೂ ದೀರ್ಘಕ್ಕೂ ಫರಕಿಲ್ಲ. ಪುಟಕ್ಕೆ 500 ರೂಪಾಯಿ ತಗೊಂಡು ಮೋಡಿ ಓದಿಕೊಡುವವರೊಬ್ಬರಿಗೆ ಕಳಿಸಿದೆ. ಎರಡು ತಿಂಗಳು ಕಾಯಿಸಿ ಮೂರು ಪದ ಕಳಿಸಿದರು. ಮೊದಲನೆಯದು ಮುತ್ತಜ್ಜನ ತಂದೆಯ ಹೆಸರು. ನಡುವೆ ‘ಅಪಾಕ’. ಕೊನೆಗೆ ಒಂದು ಹೆಂಗಸಿನ ಹೆಸರು.

ಈಗ ನೀವೇ ಹೇಳಿ, ಯಾರಾದರೂ ಏನು ತಿಳಿಯುತ್ತಾರೆ? ಮುತ್ತಜ್ಜನ ತಂದೆ, ಆ ಮುದುಕಪ್ಪ, ಹೊಲವನ್ನು ಅಪಾಕ ಅನ್ನುವವನಿಗೆ ಬರೆದುಕೊಟ್ಟ, ಹೆಂಗಸು ಅವನ ಹೆಂಡತಿ. ಹಾಗಂತ ನಂಬಿ ಊರಿನಲ್ಲಿ ಅಪಾಕನ ಸಂತತಿ ಹುಡುಕಿದೆ. ಅಪ್ಪಯ್ಯ ಸಿಕ್ಕ, ಅಪ್ಪಾಸಾಬ ಸಿಕ್ಕ, ಅಪಾಕ ಸಿಗಲಿಲ್ಲ. ನಮ್ಮ ಕಾಕಾ ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟರು. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವನ ಮುತ್ತಜ್ಜ ಅಪ್ಪಾಸಾಬ, ಅವನೇ ಅಪಾಕ. ಅಂದಿನಿಂದ ಅಲ್ಲಿ ಚಹಾ ಕುಡಿಯುವುದು ಬಿಟ್ಟರು.

ನನ್ನ ತಲೆಯಲ್ಲಿ ಒಂದೇ ಮುಳ್ಳು ಉಳಿದಿತ್ತು. ಮುದುಕಪ್ಪ ತೀರಿಕೊಂಡು ವಾರಸಾ ಆದದ್ದು, ಅಂದರೆ ಹೊಲ ವಾರಸುದಾರರ ಹೆಸರಿಗೆ ಬಂದದ್ದು, 1912ರಲ್ಲಿ, ಅದೇ ಪುಸ್ತಕದಲ್ಲಿದೆ. ಸತ್ತವನು 1917ರಲ್ಲಿ ಹೊಲ ಹೇಗೆ ಬರೆದುಕೊಟ್ಟ?

ಹೋದ ಮಂಗಳವಾರ ಮತ್ತೆ ರೆಕಾರ್ಡ್ ರೂಮಿಗೆ ಹೋಗಿ ಮೂಲ ಪುಸ್ತಕವನ್ನೇ ತೆಗೆಸಿದೆ. ಪುಟ ನೋಡಿ ಹೊಟ್ಟೆ ಉರಿಯಿತು. ಝೆರಾಕ್ಸ್ ಮಾಡಿದ ಪುಣ್ಯಾತ್ಮ ಬಲಗಡೆ ಎರಡು ಬೆರಳಿನಷ್ಟು ಕತ್ತರಿಸಿದ್ದ. ಹೆಂಗಸಿನ ಹೆಸರಿನ ಆಚೆ ಇನ್ನೂ ಎರಡು ಪದ ಇದ್ದವು. ‘ಕೋಂ’, ಆಮೇಲೆ ಮುತ್ತಜ್ಜನ ಹೆಸರು. ಅಂದರೆ ಆಕೆ ಮುತ್ತಜ್ಜನ ಹೆಂಡತಿ, ನಮ್ಮ ಮುತ್ತಜ್ಜಿ! ಮನೆಯಲ್ಲಿ ಎಲ್ಲರೂ ಆಯಿ ಅಂತಲೇ ಕರೆದದ್ದರಿಂದ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ನಡುವೆ ಈ ಅಪಾಕ ಯಾರು? ಮುತ್ತಜ್ಜಿಗೂ ಅವನಿಗೂ ಏನು ಸಂಬಂಧ? ಕೇಳಲಿಕ್ಕೂ ಮುಜುಗರ.

ಫೋಟೋವನ್ನು ಒಬ್ಬ ರಿಟೈರ್ಡ್ ತಲಾಠಿಗೆ (ಊರಿನ ಹೊಲದ ಲೆಕ್ಕ ಬರೆಯುವವರು) ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ಹಾಕಿಕೊಂಡು ನಗಲು ಶುರು ಮಾಡಿದರು. ‘ಅದು ಹೆಸರಲ್ಲೋ ತಮ್ಮಾ. ಅ, ಪಾ, ಕ. ಅಜ್ಞಾನ ಪಾಲನ ಕರ್ತಾ.’ ಮರಾಠಿ ಕಾಗದದಲ್ಲಿ ಅಜ್ಞಾನ ಅಂದರೆ ವಯಸ್ಸಿಗೆ ಬಾರದವನು. ಅವನ ಪರವಾಗಿ ನೋಡಿಕೊಳ್ಳುವವರ ಹೆಸರಿನ ಮುಂದೆ ಈ ಮೂರು ಅಕ್ಷರ ಹಾಕುತ್ತಿದ್ದರು. ಮೋಡಿಯ ಅವಸರದಲ್ಲಿ ಚುಕ್ಕಿ ಹಾಕಲಿಲ್ಲ, ಅಷ್ಟೇ. ಅಜ್ಞಾನ ಯಾರದ್ದು ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ಎಲ್ಲ ಪಟಪಟ ಬಿಚ್ಚಿಕೊಂಡಿತು. ಮೊದಲ ಹೆಸರು ಮುದುಕಪ್ಪನದಲ್ಲ, ನಮ್ಮ ಅಜ್ಜನದು. ತೀರಿಕೊಂಡ ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟಿದ್ದಾರೆ, ನಮ್ಮಲ್ಲಿ ಇಡುವುದೇ ಹಾಗೆ. ಆ ಹೆಸರು ಹಿಡಿದು ಕರೆಯಲಾಗದೆ ಮನೆಯಲ್ಲಿ ಬಾಳು ಅಂದರು, ಜೀವಮಾನವಿಡೀ ಬಾಳು ಆಗಿಯೇ ಉಳಿದರು. 1917ರಲ್ಲಿ ಅವರಿಗೆ ಮೂರು ವರ್ಷ. ಹೊಲ ಯಾರೂ ನುಂಗಿಲ್ಲ, ಮಗನ ಹೆಸರಿಗೇ ಬಂದಿದೆ. ಮತ್ತೆ ಕೈಬಿಟ್ಟದ್ದು ಯಾವಾಗ? ಅಜ್ಜ ವಯಸ್ಸಿಗೆ ಬಂದು ಅವರ ಹೆಸರಿನಿಂದ ‘ಅಪಾಕ ಕಮಿ’ ಆದ, ಅಂದರೆ ಅಪಾಕ ತೆಗೆದುಹಾಕಿದ, ಡೈರಿ ಹುಡುಕಬೇಕು, ಅದರ ಹಿಂದೆಯೇ ಖರೀದಿ ಇರುತ್ತದೆ. ಮಾರಿದ್ದು ಅಜ್ಜನೇ ಇರಬೇಕು ಅಂತ ನನಗೆ ಅನುಮಾನ. ಇದನ್ನು ಕಾಕಾನಿಗೆ ಇನ್ನೂ ಹೇಳಿಲ್ಲ.

ಇದರ ನಡುವೆ ಅಮ್ಮನ ತವರಿನ ಟ್ರಂಕಿನಲ್ಲಿ ಒಂದು ಸನದು (ಹೊಲದ ಹಕ್ಕುಪತ್ರ) ಸಿಕ್ಕಿದೆ, ಅವರು ಶೇತಸನದಿಗಳಂತೆ. ಸಂಗೊಳ್ಳಿ ರಾಯಣ್ಣನ ಮನೆಯವರ ಹಾಗೆ ಕಾವಲು ಚಾಕರಿಗೆ ಹೊಲ ಪಡೆದವರು. ತಾರೀಖು ಅಂಕಿಯಲ್ಲಿಲ್ಲ, ‘ಇಸನ್ನೆ ಅಶರ ಮಯಾತೈನ ವ ಅಲಫ’ ಅಂತ ಅರಬ್ಬಿ ಮಾತಿನಲ್ಲಿದೆ. ಎರಡು, ಹತ್ತು, ಇನ್ನೂರು, ಸಾವಿರ. ಹಳೆಯ ಮರಾಠಿ ಕಾಗದಗಳ ವರ್ಷದ ಲೆಕ್ಕದಲ್ಲಿ, ಶುಹೂರ್ ಸನ್ 1212. ಅದಕ್ಕೆ 599 ಕೂಡಿಸಿದರೆ 1811. ಈ ವರ್ಷ ಶುರುವಾಗುವುದು ಮಿರಗ (ಮೃಗಶಿರಾ ಮಳೆ) ಕೂಡಿದಾಗ, ಹಾಗಾಗಿ ಜನವರಿಯಿಂದ ಮುಂದಿನ ಮಿರಗದವರೆಗಿನ ತಾರೀಖಾದರೆ 600 ಕೂಡಿಸಬೇಕು. ಇದನ್ನು ಮುಟ್ಟಬಾರದು, ಮೊದಲು ಹೊಲ ಮುಗಿಸಬೇಕು ಅಂತ ದಿನಾ ಹೇಳಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಒಂದು ಗಂಟೆಯವರೆಗೆ ಅದನ್ನೇ ಓದುತ್ತಿದ್ದೆ.

ಅಪಾಕ ಮನುಷ್ಯನಲ್ಲ ಅಂತ ಮಾತ್ರ ಕಾಕಾನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆಗಲಿ ಬಿಡು, ಆ ಅಂಗಡಿ ಚಹಾ ಮೊದಲಿಂದಲೂ ನೀರೇ’ ಅಂದರು.