ಗಣಿತದ ಪುಸ್ತಕದಲ್ಲಿ ನಾನು ಹುಡುಕಿದ್ದು

ಕ್ಯಾಲಿಫೋರ್ನಿಯಾದಲ್ಲಿ ಪ್ರೈಮರಿ ಶಾಲೆಗೆ ಯಾವ ಗಣಿತದ ಪುಸ್ತಕ ತರಬೇಕು ಅನ್ನುವುದನ್ನು ಆಯಾ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವ ಸಂಸ್ಥೆ ತೀರ್ಮಾನಿಸುತ್ತದೆ. ರಾಜ್ಯದ ಶಿಕ್ಷಣ ಮಂಡಳಿ ಒಪ್ಪಿದ ಪಟ್ಟಿ ಒಂದಿರುತ್ತದೆ. ನಮ್ಮೂರಲ್ಲಿ ಆ ಪಟ್ಟಿಯ ಕೆಲವು ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಅಪ್ಪ ಅಮ್ಮಂದಿರೂ ಬಂದು ಅಭಿಪ್ರಾಯ ಬರೆಯಿರಿ ಅಂದರು. ಕರ್ನಾಟಕದಲ್ಲಿ ಹಾಗಲ್ಲ. ಪಠ್ಯಪುಸ್ತಕ ಸಂಘದ ಒಂದೇ ಪಠ್ಯ ಹಾಸನಕ್ಕೂ ಬೀದರ್‌ಗೂ ಹೋಗುತ್ತದೆ.

ನಮ್ಮಕ್ಕ ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಏನು ನೋಡಲಿ ಅಂತ ಫೋನ್ ಮಾಡಿದೆ. "ಬಣ್ಣ, ಚಿತ್ರ ಆಮೇಲೆ ನೋಡ್ಕೋ ಕಣೇ. ಸಮ ಚಿಹ್ನೆ ಎಲ್ಲೆಲ್ಲಿ ಕೂತಿದೆ ನೋಡು ಮೊದಲು" ಅಂದಳು.

ಎಷ್ಟೋ ಪುಸ್ತಕಗಳಲ್ಲಿ ಲೆಕ್ಕ ಎಡಗಡೆ, ಉತ್ತರದ ಖಾಲಿ ಚೌಕ ಬಲಗಡೆ. 3 + 4 = □. ಪುಟದ ಮೇಲೆ ಪುಟ ಅದೇ. ಹೀಗಾದಾಗ '=' ಅಂದರೆ "ಉತ್ತರ ಬರೆ" ಅನ್ನುವ ಅಪ್ಪಣೆ ಅಂತಲೇ ಮಗು ತಿಳಿಯುತ್ತದೆ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಗೆ ಎರಡು ಸಮಾನಾಂತರ ಗೆರೆ ಆರಿಸಿಕೊಂಡದ್ದು, ಅವೆರಡಕ್ಕಿಂತ ಸಮವಾದದ್ದು ಇನ್ನೊಂದಿಲ್ಲ ಅಂತ. ಅಪ್ಪಣೆಯ ಮಾತೇ ಅಲ್ಲಿಲ್ಲ.

ಇದು ಸಣ್ಣ ವಿಷಯ ಅಲ್ಲ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಆರನೇ ತರಗತಿಯ 145 ಮಕ್ಕಳಿಗೆ 8 + 4 = □ + 5 ಕೊಟ್ಟಿದ್ದರು. ಒಬ್ಬರೂ 7 ಬರೆಯಲಿಲ್ಲ. ಬಂದದ್ದು 12, ಇಲ್ಲವೇ 17. ಮುಂದೆ ಬೀಜಗಣಿತದಲ್ಲಿ x ಬಂದಾಗ ಮಕ್ಕಳು ತಡವರಿಸುವುದಕ್ಕೆ ಬೇರು ಇಲ್ಲೂ ಇದೆ.

ಅಕ್ಕ ಅದೇ ಲೆಕ್ಕವನ್ನು ತನ್ನ ಮಕ್ಕಳಿಗೂ ಕೊಟ್ಟಳು. ಅಲ್ಲೂ ಜಾಸ್ತಿ ಬಂದದ್ದು 12. ಮರುದಿನ ಅಂಗಡಿಯಿಂದ ಹಳೇ ತಕ್ಕಡಿ ತಂದು ಒಂದು ತಟ್ಟೆಗೆ 8, ಆಮೇಲೆ 4 ಒಂದೇ ತೂಕದ ಗೋಲಿ ಹಾಕಿದಳು. ಇನ್ನೊಂದಕ್ಕೆ 5. ಮುಳ್ಳು ನೆಟ್ಟಗೆ ನಿಲ್ಲುವವರೆಗೂ ಮಕ್ಕಳೇ ಹಾಕುತ್ತಾ ಹೋದರು. "ಇದನ್ನ ಪುಸ್ತಕದಲ್ಲೇ ಕೊಟ್ಟಿದ್ರೆ ಎಲ್ಲಾ ಶಾಲೆಗೂ ಸಿಗ್ತಿತ್ತು, ಅಲ್ವಾ?" ಅಂದಳು. ನನಗೆ ಆ ಮಾತು ಬಹಳ ಸರಿ ಅನ್ನಿಸಿತು. ಒಳ್ಳೆ ಟೀಚರ್ ಸಿಕ್ಕ ಮಕ್ಕಳಿಗೆ ಮಾತ್ರ ಇದು ತಿಳಿದರೆ ಸಾಲದು.

ಮೇಜಿನ ಮೇಲೆ ಎಲ್ಲರ ಕೈಗೂ ಹೋಗುತ್ತಿದ್ದ ಪುಸ್ತಕ ನೋಡಲು ಚಂದ. ಆದರೆ ಎರಡನೇ ತರಗತಿಯ ಪುಟಗಳಲ್ಲಿ ಖಾಲಿ ಚೌಕ ಬಲಗಡೆಯಿಂದ ಅಲುಗಾಡಿರಲಿಲ್ಲ. ಸಪ್ಪೆ ಮುಖದ ಇನ್ನೊಂದರಲ್ಲಿ 7 = □ + 3 ಇತ್ತು. 5 + 2 = 2 + 5 ಸರಿಯೋ ತಪ್ಪೋ ಅಂತ ಕೇಳಿತ್ತು. ಅದರಲ್ಲಿ ಭಿನ್ನರಾಶಿಯೂ ಬರೀ ಪಿಜ್ಜಾ ತುಂಡಾಗಿ ನಿಂತಿರಲಿಲ್ಲ, ಸಂಖ್ಯಾರೇಖೆಯ ಮೇಲೂ ಕೂತಿತ್ತು. ತ್ರಿಕೋನ ಅಂದರೆ ನೆಟ್ಟಗೆ ನಿಂತದ್ದು ಮಾತ್ರ ಅಂತ ಮಕ್ಕಳು ತಿಳಿಯದಂತೆ, ತ್ರಿಕೋನಗಳು ತಲೆಕೆಳಗಾಗಿಯೂ ವಾಲಿಕೊಂಡೂ ಇದ್ದವು. ಸುಮ್ನೆ ಚೆನ್ನಾಗಿದೆ ಅಂತ ಬರೆಯದೆ, ಪುಟದ ನಂಬರ್ ಸಮೇತ ಆ ಪುಸ್ತಕವೇ ಬೇಕು ಅಂತ ಬರೆದುಕೊಟ್ಟೆ.

ಹಾಸನದ ಕಡೆಯ ಅಪ್ಪ ಅಮ್ಮಂದಿರಿಗೆ ಪುಸ್ತಕ ಆರಿಸುವ ಅವಕಾಶ ಇಲ್ಲ, ನಿಜ. ಆದರೂ 15 − 6 = □ + 2 ಅಂತ ಬರೆದು ಮಕ್ಕಳ ಮುಂದಿಡಿ. 9 ಅಂದರೆ ಬೈಯಬೇಡಿ. ಬಲಗಡೆ ಒಟ್ಟು ಎಷ್ಟಾಯಿತು ಅಂತ ಕೇಳಿ. 7ಕ್ಕೆ ಅವರೇ ಬರುತ್ತಾರೆ.