ಜಿಪ್ಸಿಯ ಸೈಲೆನ್ಸರ್: ಮಳೆಗಾಲಕ್ಕೆ ಮುಂಚಿನ ಕೆಲಸ

ಮಾರ್ಚ್ ಕೊನೆ

ಕಾಫಿ ಹೂ ಅರಳಿಸುವ ಹೂಮಳೆ ಹದವಾಗಿ ಬಿದ್ದಿದೆ. ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ ತಪ್ಪಿದ್ದರಿಂದ ಜಿಪ್ಸಿಗೂ ಸ್ವಲ್ಪ ಬಿಡುವು. ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರದ ನಮ್ಮ ತೋಟದ ಗಾಡಿ ಇದು, ಮಾರುತಿ ಕಂಪನಿಯ ಜೀಪು: 1298 ಸಿಸಿಯ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್, ಕಂಪನಿಯ ಲೆಕ್ಕದಲ್ಲಿ 80 ಅಶ್ವಶಕ್ತಿ, ಮೇಲೆ ಕ್ಯಾನ್ವಾಸ್ ಹೊದಿಕೆ. ಕಾಫಿ ಕೊಯ್ಲಿನ ಹೊತ್ತಿಗೇ ಶಬ್ದ ಒರಟಾಗಿತ್ತು.

ಜಾಕ್ ಕೊಟ್ಟು ಕೆಳಗೆ ಮಲಗಿ ನೋಡಿದರೆ ಸೈಲೆನ್ಸರಿನ ಮೇಲ್ಭಾಗ ಗಟ್ಟಿಯಾಗಿಯೇ ಇದೆ. ತಳದ ಜೋಡಣೆಯ ಗೆರೆಯಲ್ಲಿ ಮಾತ್ರ ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗಿಳಿಯಿತು. ಇದು ಒಳಗಿನಿಂದ ತಿಂದ ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ದೂರ ಓಡುವ ಗಾಡಿಯಲ್ಲಿ ಪೈಪು ಕಾದು ಅದೆಲ್ಲ ಹಾರಿಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ ಓಡಾಡುವ ಗಾಡಿಯ ಸೈಲೆನ್ಸರ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹಬೆ ತಣಿದು, ಹೊಗೆಯಲ್ಲಿನ ಆಮ್ಲದ ಅಂಶವನ್ನೂ ಸೇರಿಸಿಕೊಂಡು ತಳದಲ್ಲಿ ನಿಲ್ಲುತ್ತದೆ. ನಮ್ಮ ಕಡೆ ಎಲ್ಲ ತುಕ್ಕಿಗೂ ಮಳೆಯನ್ನೇ ಬೈಯುವುದು ರೂಢಿ. ಇಲ್ಲಿ ಮಳೆಯ ಪಾಲು ಅರ್ಧ ಮಾತ್ರ.

ಏಪ್ರಿಲ್

ಬಿಚ್ಚುವ ಕೆಲಸವೇ ದೊಡ್ಡದು. ಎಂಜಿನ್‌ನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್ ಕೆಳಗಿನ ನಟ್ಟುಗಳಿಗೆ ರಾತ್ರಿಯೆಲ್ಲ ಎಣ್ಣೆ ಕುಡಿಸಿ, ಬೆಳಿಗ್ಗೆ ಗ್ಯಾಸ್ ಟಾರ್ಚಿನಿಂದ ನಟ್ಟನ್ನಷ್ಟೇ ಕಾಯಿಸಿ, ಸ್ಪ್ಯಾನರಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿದ್ದಾಯಿತು. ಒಂದೇ ಏಟಿಗೆ ಎಳೆದರೆ ನಟ್ಟು ಕೂತಿರುವ ತಿರುಪಿನ ಕಡ್ಡಿ, ಅಂದರೆ ಸ್ಟಡ್, ತುಂಡಾಗಿ ಕೈಗೆ ಬರುತ್ತದೆ. ಆಮೇಲೆ ಡ್ರಿಲ್ ಹಿಡಿದು ಅದನ್ನು ಕೊರೆಯುವ ಯೋಗ ಶತ್ರುವಿಗೂ ಬೇಡ.

ಬಿಚ್ಚಿದ ಮೇಲೆ ಇನ್ನೊಂದು ವಿಷಯ ಸಿಕ್ಕಿತು. ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಡೌನ್‌ಪೈಪಿನ ಗ್ಯಾಸ್ಕೆಟ್‌ನ ಒಂದು ಬದಿಯಲ್ಲಿ ಬೆರಳಗಲದ ಕಪ್ಪು ಮಸಿಯ ಗೆರೆ. ಹೊಗೆ ಅಲ್ಲಿಂದ ಸೋರುತ್ತಿದೆ. ಸೋರಿಕೆ ಎಂದರೆ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ. ಪೈಪಿನಲ್ಲಿ ಹೊಗೆ ಅಲೆ ಅಲೆಯಾಗಿ ಹೋಗುವುದರಿಂದ ಎರಡು ಅಲೆಗಳ ನಡುವೆ ಹೊರಗಿನ ಗಾಳಿ ಅದೇ ಸಂದಿಯಿಂದ ಒಳಸೇರುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ನೋಡಿ ಪೆಟ್ರೋಲ್ ಸಾಲದು ಎಂದು ವರದಿ ಕೊಡುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಇಸಿಯು, ಅದನ್ನು ನಂಬಿ ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಯಾಕೆ ಇಳಿದಿದೆ ಎಂದು ನಾವು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಲ್ಲ ಬದಲಾಯಿಸಿದ್ದೆವು. ಕಳ್ಳ ಕೂತಿದ್ದದ್ದು ಇಲ್ಲಿ.

ಇನ್ನು ಅಳತೆಯ ಚರ್ಚೆ. ಚಿಕ್ಕಮಗಳೂರಿನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಮೇಸ್ತ್ರಿ ಹಳೆಯ ಪೈಪನ್ನು ತಿರುಗಿಸಿ ನೋಡಿ, “ಎರಡು ಇಂಚಿನದೇ ಹಾಕಿಬಿಡೋಣ ಸರ್, ಗುಡುಗುತ್ತದೆ” ಎಂದರು. ಗುಡುಗುವುದಕ್ಕೆ ಮಳೆಗಾಲ ಬರುತ್ತದೆ ಮೇಸ್ತ್ರಿಗಳೇ, ಗಾಡಿ ಬೇಡ ಎಂದೆ.

ತಮಾಷೆ ಹಾಗಿರಲಿ, ಪೈಪು ದಪ್ಪವಾದಷ್ಟೂ ಶಕ್ತಿ ಹೆಚ್ಚು ಎಂಬ ನಂಬಿಕೆ ಈ ಎಂಜಿನ್‌ಗೆ ಹೊಂದುವುದಿಲ್ಲ. ಇದರ ಗರಿಷ್ಠ 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಿಗುವುದೇ 4500 ಆರ್‌ಪಿಎಂನಲ್ಲಿ. ಕೆಳಗಿನ ವೇಗದಲ್ಲಿ ಎಳೆತ ಮೊದಲೇ ಕಡಿಮೆ. ಗೊಬ್ಬರದ ಚೀಲ ಹೇರಿಕೊಂಡು ಲೋ ಗೇರಿನಲ್ಲಿ ಏರು ಹತ್ತುವಾಗ ಬೇಕಾದದ್ದು ಆ ಕೆಳಗಿನ ಎಳೆತ. ಕಿರಿದಾದ ಪೈಪಿನಲ್ಲಿ ಹೊಗೆ ವೇಗವಾಗಿ ಸಾಗಿ ತನ್ನ ಹಿಂದಿನದನ್ನೂ ಸಿಲಿಂಡರಿನಿಂದ ಎಳೆದುಕೊಳ್ಳುತ್ತದೆ. ಪೈಪು ಅಗತ್ಯಕ್ಕಿಂತ ಅಗಲವಾದರೆ ಆ ವೇಗ ಸತ್ತುಹೋಗುತ್ತದೆ. ಒಂದೂಮುಕ್ಕಾಲು ಇಂಚು ಎಂದು ತೀರ್ಮಾನವಾಯಿತು.

ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದುಹಾಕಿ ಎಂಬ ಸಲಹೆಯೂ ಪುಕ್ಕಟೆ ಬಂತು. ಒಪ್ಪಲಿಲ್ಲ. ಹೊಗೆ ತಪಾಸಣೆಯ ಮಾತು ಒತ್ತಟ್ಟಿಗಿರಲಿ, ಶಬ್ದ ಮತ್ತು ವಾಯುಮಾಲಿನ್ಯದ ನಿಯಮ ಮೀರಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಜೈಲಿನ ಅವಕಾಶವೂ ಇದೆ.

ಮೇ

ಪೈಪು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅಂಗಡಿಯವರು ಏನೇ ಹೇಳಲಿ, ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವುದು ಒಳ್ಳೆಯದು. 304ಕ್ಕೆ ಅದು ಅಂಟುವುದಿಲ್ಲ, ಕ್ರೋಮಿಯಂ ಕಡಿಮೆ ಇರುವ ಅಗ್ಗದ 409ಕ್ಕೆ ಅಂಟುತ್ತದೆ. ಆದರೆ 304 ಬಿಸಿಗೆ ಮಾಮೂಲಿ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ: ಒಂದು ಮೀಟರ್ ಪೈಪು 300 ಡಿಗ್ರಿ ಕಾದರೆ ಸುಮಾರು ಐದು ಮಿಲಿಮೀಟರ್ ಉದ್ದವಾಗುತ್ತದೆ. ಆ ಐದು ಮಿಲಿಮೀಟರಿಗೆ ಜಾಗ ಕೊಡದೆ ಬಿಗಿದು ಕಟ್ಟಿದರೆ ಬೆಸುಗೆಯೇ ಬಿರುಕು ಬಿಡುತ್ತದೆ. ಹಾಗಾಗಿ ಮುಂದೆ ಒಂದು ಬೆಲ್ಲೋಸ್ (ಬಾಗಿ ಬಳುಕುವ ಸುಕ್ಕುಗಳ ಕೊಳವೆ), ಉದ್ದಕ್ಕೂ ರಬ್ಬರ್ ಹ್ಯಾಂಗರ್.

ಹಿಂದಿನ ಆಕ್ಸಲ್ ಹತ್ತಿರದ ಬಾಗಿಗೆ ಹೆಚ್ಚು ಹೊತ್ತು ಹಿಡಿಯಿತು. ಗಾಡಿ ನಿಂತಾಗ ಇರುವ ಅಂತರ ನಂಬುವಂಥದ್ದಲ್ಲ; ಲೀಫ್ ಸ್ಪ್ರಿಂಗ್ ಪೂರ್ತಿ ಕುಸಿದಾಗ ಆಕ್ಸಲ್ ಎಲ್ಲಿಗೆ ಬರುತ್ತದೆ ಎಂಬುದು ಮುಖ್ಯ. ಒಂದು ಚಕ್ರವನ್ನು ಜಾಕ್‌ನಿಂದ ಬಂಪ್ ಸ್ಟಾಪ್ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ ಅಂತರ ಅಳೆದು, ಪೈಪನ್ನು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಇನ್ನೊಂದು ಬದಿಯನ್ನೂ ಹಾಗೆಯೇ ಎತ್ತಿ ನೋಡಿದ ಮೇಲೆಯೇ ಮೇಸ್ತ್ರಿ ಪೂರ್ತಿ ಬೆಸೆದರು. ಈ ಸಹನೆಗೇ ಅವರಿಗೆ ಹೆಚ್ಚು ಕೂಲಿ ಕೊಟ್ಟರೂ ತಪ್ಪಿಲ್ಲ. ಬೆಸೆಯುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟಿದ್ದೆವು, ಇಸಿಯುಗೆ ಪೆಟ್ಟಾಗದಿರಲಿ ಎಂದು.

ಸೈಲೆನ್ಸರ್ ಒಳಗೆ ಕೋಣೆಗಳಿರುವ ಮಾದರಿಯದು. ಗ್ಲಾಸ್ ವೂಲ್ ತುಂಬಿದ ನೇರ ಪೈಪಿನದು ಹಗುರ ನಿಜ, ಆದರೆ ನೀರು ಹೀರಿಕೊಂಡು ಕೂರುವ ವಸ್ತುವನ್ನು ಹಳ್ಳ ದಾಟುವ ಗಾಡಿಗೆ ಹಾಕಲು ಮನಸ್ಸಾಗಲಿಲ್ಲ. ತಳದ ಅತಿ ತಗ್ಗಿನ ಜಾಗದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆಸಿದ್ದೇನೆ. ನಿಂತ ನೀರು ಅಲ್ಲಿಂದ ಇಳಿದುಹೋಗಲಿ.

ಬಾಲದ ಪೈಪನ್ನು ಬಾಡಿಯ ಅಂಚಿನಿಂದ ಆಚೆಗೆ ತಂದೆವು. ಓಡುವಾಗ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆ. ಕ್ಯಾನ್ವಾಸಿನ ಹಿಂಬದಿ ಪರದೆ ಎತ್ತಿಕೊಂಡು ಹೋದರೆ ಹೊಗೆ ನೇರವಾಗಿ ಒಳಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಹಿಂದೆ ಕೂರುವವರು ನಮ್ಮ ಮನೆಯ ಮಕ್ಕಳು.

ಜೂನ್ ಮೊದಲ ವಾರ

ಸೋರಿಕೆ ಪರೀಕ್ಷೆ: ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬದಿಯನ್ನು ಬಾಲದ ಪೈಪಿಗೆ ಹಿಡಿದು, ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದೆವು. ಪೈಪುಗಳನ್ನು ಬೋಲ್ಟಿನಿಂದ ಕೂಡಿಸುವ ಒಂದು ಫ್ಲೇಂಜಿನಲ್ಲಿ ಸಣ್ಣ ಗುಳ್ಳೆ ಎದ್ದಿತು. ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚಿ ಮತ್ತೆ ಬಿಗಿದಾಗ ನಿಂತಿತು.

ಬೆಟ್ಟದ ಕೆಳಗಿನ ಕೈಮರದಿಂದ ಮೇಲಿನ ಸೀತಾಳಯ್ಯನಗಿರಿಯವರೆಗೆ ಓಡಿಸಿದೆ. ಗಾಡಿ ಹಾರುವುದೇನೂ ಇಲ್ಲ, ಹಾರಬೇಕೆಂದೂ ಇರಲಿಲ್ಲ. ತಿರುವು ಮುಗಿದು ಎರಡನೇ ಗೇರಿನಲ್ಲಿ ಮೇಲೇಳುವಾಗ ಮುಂಚಿನ ತಡಬಡಿಕೆ ಇಲ್ಲ, ಪಕ್ಕದವರೊಂದಿಗೆ ಮಾಮೂಲಿ ದನಿಯಲ್ಲಿ ಮಾತಾಡಬಹುದು.

ಬಾಕಿ ಇರುವುದು ಕನ್ವರ್ಟರಿನ ಕೆಳಗಿನ ಶಾಖದ ತಗಡು. ಸಿಲ್ವರ್ ಓಕ್ ತರಗೆಲೆ ಅಲ್ಲಿ ಸಿಕ್ಕಿಕೊಂಡರೆ ಬೇಸಿಗೆಯಲ್ಲಿ ಬೆಂಕಿ ಹೊತ್ತಲು ಬೇರೇನೂ ಬೇಡ. ತಗಡು ಕತ್ತರಿಸಿಟ್ಟಿದೆ, ಕ್ಲಾಂಪು ಬರಬೇಕು. ಎಂಜಿನ್ ಮೌಂಟಿನ ರಬ್ಬರುಗಳೂ ಸೀಳಿವೆ. ಅವು ಹಾಗೇ ಇದ್ದರೆ ಎಂಜಿನ್‌ನ ಕುಲುಕಾಟವೆಲ್ಲ ಹೊಸ ಬೆಲ್ಲೋಸ್ ಮೇಲೆ ಬೀಳುತ್ತದೆ, ಆದ್ದರಿಂದ ಮುಂದಿನ ಕೆಲಸ ಅದೇ.